ಆರದ ಹಳದಿ ದೀಪ

ಜೂನ್ ೩, ಮಂಗಳವಾರ

ಮೂವತ್ತಾರು ವರ್ಷ ಹುಡುಗರ ಕೈಯಲ್ಲಿ ದಿನಚರಿ ಬರೆಸಿದವನು ನಾನು. ಸ್ವತಃ ಒಂದು ದಿನವೂ ಬರೆದವನಲ್ಲ. ಇಂದು ಆರಂಭಿಸುವುದಕ್ಕೆ ಕಾರಣ ನಮ್ಮ ಕಾರು. ದೋಷವನ್ನು ಪತ್ತೆಹಚ್ಚಲು ಮೊದಲು ಬೇಕಾದದ್ದು ದಾಖಲೆ. ಊಹೆ ಆಮೇಲೆ.

ಬೆಳಿಗ್ಗೆ ಆರೂ ಇಪ್ಪತ್ತಕ್ಕೆ ಕೀಲಿ ತಿರುಗಿಸಿದಾಗ ಎಂದಿನಂತೆ ಎದುರಿನ ದೀಪಗಳೆಲ್ಲ ಹೊತ್ತಿಕೊಂಡವು, ಎಂದಿನಂತೆ ಒಂದೊಂದಾಗಿ ಆರಿದವು. ಒಂದು ಮಾತ್ರ ಆರಲಿಲ್ಲ. ಅದು ವೃತ್ತದೊಳಗೆ ಎ.ಬಿ.ಎಸ್. ಎಂಬ ಮೂರಕ್ಷರಗಳಿರುವ ಹಳದಿ ದೀಪ. ಬ್ರೇಕನ್ನು ಬಲವಾಗಿ ತುಳಿದಾಗ ಚಕ್ರಗಳು ಬಿಗಿದುಕೊಂಡು ಕಾರು ಜಾರದಂತೆ ತಡೆಯುವ ವ್ಯವಸ್ಥೆಯೊಂದಿದೆ; ಅದು ಕೆಲಸ ಮಾಡುತ್ತಿಲ್ಲವೆಂಬುದಕ್ಕೆ ಆ ದೀಪ ಸೂಚನೆ.

ಹಿಂದಿನಿಂದ ಮೊಮ್ಮಗಳು, “ತಾತ, ಲೈಟ್ ಬಂತು” ಎಂದಳು. ದೀಪ ಬರುವುದಿಲ್ಲ, ಹೊತ್ತಿಕೊಳ್ಳುತ್ತದೆ ಎಂದು ತಿದ್ದಿದೆ. ಹೆಂಗಾದರೂ ಉರೀತಿದೆಯಲ್ಲ ಎಂದಳು. ಅವಳಿಗೆ ಒಂಬತ್ತು ವರ್ಷ. ಪಕ್ಕದ ಬೀದಿಯಲ್ಲಿರುವ ಮಗಳಿಗೆ ಬೆಳಗಿನ ಪಾಳಿ ಇರುವುದರಿಂದ ಮಂಗಳವಾರ, ಗುರುವಾರ, ಶನಿವಾರ ಮಗುವನ್ನು ಈಜು ತರಗತಿಗೆ ಕರೆದೊಯ್ಯುವ ಹೊಣೆ ನನ್ನದು. ಎರಡು ವರ್ಷದಲ್ಲಿ ಒಂದು ದಿನವೂ ತಡವಾಗಿಲ್ಲ.

ಎಂಜಿನ್ ಆರಿಸಿ ಕೈಪಿಡಿ ತೆಗೆದೆ. ನೂರ ಹದಿನೆಂಟನೆಯ ಪುಟದಲ್ಲಿ ಸ್ಪಷ್ಟವಾಗಿ ಬರೆದಿದ್ದಾರೆ: ಸಾಮಾನ್ಯ ಬ್ರೇಕು ಎಂದಿನಂತೆ ಕೆಲಸ ಮಾಡುತ್ತದೆ, ಜಾಗ್ರತೆಯಿಂದ ಚಲಾಯಿಸಿ, ಆದಷ್ಟು ಬೇಗ ತಪಾಸಣೆ ಮಾಡಿಸಿ. ಅದರಲ್ಲಿ ‘ನಿಲ್ಲಿಸಿ’ ಎಂಬ ಶಬ್ದವಿಲ್ಲ. ಇವಳು (ನನ್ನ ಹೆಂಡತಿ) ಈಜಿನ ಚೀಲ ಹಿಡಿದು ಗೇಟಿನ ಬಳಿ ನಿಂತಿದ್ದಳು. ಹಾಗಾದರೆ ಇವತ್ತು ಹೋಗುವುದು ಬೇಡವೇ ಎಂದು ಕೇಳಿದಳು. ಪುಟವನ್ನು ಗಟ್ಟಿಯಾಗಿ ಓದಿ ಹೇಳಿದೆ. ಕೇಳಿಸಿಕೊಂಡು, ಬಂದು ಹಿಂದಿನ ಸೀಟಿನಲ್ಲಿ ಮಗುವಿನ ಪಕ್ಕ ಕುಳಿತಳು. ಎರಡು ತಿಂಗಳಿಂದ ಇವಳು ಕೂರುವುದು ಹಿಂದೆಯೇ. ಮೊಣಕಾಲು ಚಾಚಲು ಅಲ್ಲಿ ಅನುಕೂಲವಂತೆ. ಅಳತೆಪಟ್ಟಿ ಹಿಡಿದು, ಮುಂದಿನ ಸೀಟಿನಲ್ಲೇ ನಾಲ್ಕು ಅಂಗುಲ ಹೆಚ್ಚು ಜಾಗವಿದೆಯೆಂದು ತೋರಿಸಿದ್ದೇನೆ. ಆದರೂ ಹಿಂದೆಯೇ.

ಜೂನ್ ೫, ಗುರುವಾರ

ತರಗತಿ ಮುಗಿದ ಮೇಲೆ ಇಬ್ಬರನ್ನೂ ಮನೆಗೆ ಬಿಟ್ಟು ಗ್ಯಾರೇಜಿಗೆ ಹೋದೆ. ಗ್ಯಾರೇಜಿನವನು ನನ್ನ ಹಳೆಯ ವಿದ್ಯಾರ್ಥಿ. ಮೂರು ವರ್ಷವೂ ಕೊನೆಯ ಬೆಂಚು ಬಿಟ್ಟು ಕದಲದಿದ್ದುದರಿಂದ ಇಡೀ ಶಾಲೆ ಅವನನ್ನು ‘ಕಡೇ ಬೆಂಚು’ ಎಂದು ಕರೆಯುತ್ತಿತ್ತು. ಈಗ ತಲೆ ನರೆತಿದೆ, ನಾಲ್ಕು ಜನಕ್ಕೆ ಕೆಲಸ ಕೊಟ್ಟಿದ್ದಾನೆ; ಹೆಸರು ಮಾತ್ರ ಹಾಗೆಯೇ ಉಳಿದಿದೆ. ಅವನ ಫಲಕದಲ್ಲಿ ಎರಡು ಕಾಗುಣಿತದ ತಪ್ಪುಗಳಿವೆ. ತಿದ್ದಿಸುತ್ತೇನೆಂದು ಹನ್ನೊಂದು ವರ್ಷದಿಂದ ಹೇಳುತ್ತಿದ್ದಾನೆ.

ಅಂಗೈಯಗಲದ ಯಂತ್ರವೊಂದನ್ನು ಸ್ಟಿಯರಿಂಗಿನ ಕೆಳಗೆ ಸಿಕ್ಕಿಸಿ ನೋಡಿ, ಬಲಗಡೆಯ ಹಿಂದಿನ ಚಕ್ರದ ಸೆನ್ಸರಿನಿಂದ ಸಿಗ್ನಲ್ ಬರುತ್ತಿಲ್ಲವೆಂದ. ನಾಲ್ಕು ಚಕ್ರಕ್ಕೂ ಒಂದೊಂದು ಸೆನ್ಸರ್ ಇರುತ್ತದಂತೆ. ಚಕ್ರದ ವೇಗವನ್ನು ಅವು ಸತತವಾಗಿ ವರದಿ ಮಾಡುತ್ತಿರಬೇಕು. ಒಬ್ಬ ಹಾಜರಿ ಹೇಳದಿದ್ದರೆ ಇಡೀ ತರಗತಿಯನ್ನು ಮನೆಗೆ ಕಳಿಸುವ ಮೇಷ್ಟರ ಹಾಗೆ, ಒಂದು ಸುಮ್ಮನಾದರೆ ವ್ಯವಸ್ಥೆ ಪೂರ್ತಿ ನಿಲ್ಲುತ್ತದೆ.

ಅವನು ಹಿಂದಿನ ಸೀಟಿನ ಮೆತ್ತೆಯನ್ನು ಎತ್ತಿ, ಕೆಳಗೆ ತಲೆ ಹಾಕಿದ. ಅಗತ್ಯಕ್ಕಿಂತ ಹೆಚ್ಚು ಹೊತ್ತು ಹಾಗೆಯೇ ಇದ್ದ. ಆಮೇಲೆ ‘ಟಕ್’ ಎಂಬ ಸದ್ದು ಕೇಳಿಸಿತು. ಮೇಲೆದ್ದು, ಕಪ್ಲರ್ ಲೂಸಾಗಿತ್ತು ಸರ್ ಎಂದ. ತಂತಿಯ ಎರಡು ತುದಿಗಳನ್ನು ಕೂಡಿಸುವ ಪ್ಲಾಸ್ಟಿಕ್ ಕೊಂಡಿಗೆ ಅವರಲ್ಲಿ ಕಪ್ಲರ್ ಎನ್ನುತ್ತಾರೆ. ಮನೆಯಲ್ಲಿ ಬೇರೆ ಯಾರಾದರೂ ಗಾಡಿ ಮುಟ್ಟುತ್ತಾರೆಯೇ ಎಂದು ವಿಚಾರಿಸಿದ. ಇಲ್ಲವೆಂದೆ. ಕಾರಿನ ಎಡಬದಿಯ ಗೀರುಗಳನ್ನೂ ಟೇಪು ಸುತ್ತಿದ ಎಡಗನ್ನಡಿಯನ್ನೂ ನೋಡುತ್ತ ನಿಂತ. ನಮ್ಮ ಗೇಟು ಕಿರಿದು ಎಂದು ತಿಳಿಸಿದೆ.

ದೀಪ ಆರಿದೆ.

ಜೂನ್ ೭, ಶನಿವಾರ

ದೀಪ ಮತ್ತೆ ಹೊತ್ತಿಕೊಂಡಿದೆ. ಕೈಪಿಡಿಯ ಅನುಮತಿಯಿರುವುದರಿಂದ ಹೊರಟೆವು.

ಅಂಚೆ ಕಚೇರಿಯ ವೃತ್ತದಲ್ಲಿ ಸೈಕಲ್ಲಿನವನೊಬ್ಬ ಎಡಗಡೆಯಿಂದ ಆಕಾಶದಿಂದ ಉದುರಿದ ಹಾಗೆ ಎದುರಿಗೆ ಬಂದ. ಮಗು “ತಾತಾ” ಎಂದು ಕಿರುಚಿದ್ದರಿಂದ ಬ್ರೇಕು ತುಳಿದೆ. ಒಂದು ಗೇಣಿನಲ್ಲಿ ತಪ್ಪಿತು. ಗಾಜು ಇಳಿಸಿ ಅವನಿಗೆ, ವೃತ್ತದಲ್ಲಿ ಯಾರಿಗೆ ಮೊದಲ ಹಕ್ಕು ಎಂಬ ನಿಯಮವನ್ನು ವಿವರಿಸಿದೆ. ಅವನು ಪೂರ್ತಿ ಕೇಳಿಸಿಕೊಂಡು, “ಎಲ್ಲಾ ಸರಿ ಯಜಮಾನ್ರೇ, ಕಣ್ಣು ಮನೇಲಿಟ್ಟು ಬಂದ್ರಾ?” ಎಂದ. ಇಂಥವರಿಗೆ ಸಾರ್ವಜನಿಕ ರಸ್ತೆಯಲ್ಲಿ ವರ್ತಿಸುವ ಬಗೆಯನ್ನು ಕಲಿಸಿದ ಗುರುಗಳು ಯಾರೋ.

ಕನ್ನಡಿಯಲ್ಲಿ ನೋಡಿದೆ. ಇವಳು ಮಗುವಿನ ತೋಳನ್ನು ಎರಡೂ ಕೈಯಿಂದ ಹಿಡಿದುಕೊಂಡಿದ್ದಳು. ಮನೆಗೆ ಬರುವವರೆಗೂ ಬಿಡಲಿಲ್ಲ.

ಜೂನ್ ೧೦, ಮಂಗಳವಾರ

ಎರಡನೆಯ ಬಾರಿ ಗ್ಯಾರೇಜು. ಮತ್ತೆ ಅದೇ ಮೆತ್ತೆ, ಅದೇ ‘ಟಕ್’, ಅದೇ ಲೂಸು. ಐದು ದಿನದಲ್ಲಿ ಎರಡು ಬಾರಿ ಲೂಸಾಗುವ ವಸ್ತುವನ್ನು ತಯಾರಿಸಿದವನು ಯಾರು ಎಂದು ಕೇಳಿದೆ. ಗುಂಡಿ ಬಿದ್ದ ರಸ್ತೆ ಸರ್, ಅಲ್ಲಾಡಿ ಬಿಟ್ಟುಕೊಳ್ಳುತ್ತೆ ಎಂದ. ಹೇಳುವಾಗ ನನ್ನ ಮುಖ ನೋಡಲಿಲ್ಲ, ಕೈಯಲ್ಲಿದ್ದ ಬಟ್ಟೆಯನ್ನು ನೋಡಿದ. ಒಂಬತ್ತನೆಯ ತರಗತಿಯಲ್ಲಿ ನಕಲು ಮಾಡಿ ಸಿಕ್ಕಿಬಿದ್ದ ದಿನವೂ ಹೀಗೆಯೇ ಶರ್ಟಿನ ಗುಂಡಿ ನೋಡುತ್ತಿದ್ದ.

ನಾನು ಹೊರಡುವ ಮುನ್ನ ಅಂಗಳದ ಮೂಲೆಗೆ ಹೋಗಿ ಯಾರಿಗೋ ಫೋನು ಮಾಡಿದ. ತಗ್ಗಿದ ಧ್ವನಿ. “ಇನ್ನೊಂದ್ಸಲ ಬೇಡ” ಎಂಬುದಷ್ಟೇ ನನಗೆ ಕೇಳಿಸಿತು.

ಜೂನ್ ೧೨, ಗುರುವಾರ

ದೀಪ ಇಲ್ಲ. ಹಿಂತಿರುಗಿ ಬರುವಾಗ ಗೇಟಿನ ಎಡಕ್ಕೆ ಪಕ್ಕದ ಮನೆಯವರು ಹೂಕುಂಡ ತಂದಿಟ್ಟಿದ್ದರು, ಒಡೆಯಿತು. ದಾರಿಯಲ್ಲಿ ಕುಂಡ ಇಡಬಾರದೆಂದು ಅವರಿಗೆ ತಿಳಿಸಲಾಗಿ, ಆ ಕುಂಡ ನಾಲ್ಕು ವರ್ಷದಿಂದ ಅಲ್ಲೇ ಇದೆಯೆಂದರು. ಜನರ ನೆನಪಿನ ಶಕ್ತಿ ಕ್ಷೀಣಿಸುತ್ತಿದೆ.

ಜೂನ್ ೧೪, ಶನಿವಾರ

ದೀಪ ಮತ್ತೆ ಉರಿಯಿತು. ಇನ್ನು ಇತರರನ್ನು ನಂಬಿ ಪ್ರಯೋಜನವಿಲ್ಲ.

ಮಗುವನ್ನು ತರಗತಿಗೆ ಬಿಟ್ಟು ಕರೆತಂದ ಮೇಲೆ ವಿದ್ಯುತ್ ಅಳೆಯುವ ಮಲ್ಟಿಮೀಟರ್ ಒಂದನ್ನು ಕೊಂಡು ತಂದೆ. ಅದರ ಮುಖದಲ್ಲಿ ಇಪ್ಪತ್ತು ಗುರುತುಗಳಿವೆ. ಅದರ ಕೈಪಿಡಿಯ ಭಾಷೆ ಅಸಹ್ಯ. ಕೊನೆಗೆ ಇವಳನ್ನು ಕರೆದೆ. ಇವಳು ನಮ್ಮ ಶಾಲೆಯ ಪ್ರಯೋಗಾಲಯದಲ್ಲಿ ಇಪ್ಪತ್ತೆಂಟು ವರ್ಷ ಸಹಾಯಕಿಯಾಗಿದ್ದವಳು. ವಿಜ್ಞಾನದ ಮೇಷ್ಟರುಗಳು ಇವಳನ್ನು ಕೇಳಿಯೇ ಸ್ವಿಚ್ಚು ಮುಟ್ಟುತ್ತಿದ್ದರು. ರೋಧ ಅಳೆಯಲು ಗುಂಡಿಯನ್ನು ಎಲ್ಲಿಗೆ ತಿರುಗಿಸಬೇಕೆಂದು ಕೇಳಿದಾಗ ತಿರುಗಿಸಿಕೊಟ್ಟಳು. ಆದರೆ ಬೆರಳನ್ನು ಬಹಳ ಹೊತ್ತು ಅದರ ಮೇಲೆಯೇ ಇಟ್ಟುಕೊಂಡಿದ್ದಳು. ಏನಾಯಿತು ಎಂದೆ. “ಏನಿಲ್ಲ. ಕೆಂಪು ತಂತಿ ಈ ಕಡೆ” ಎಂದು ಒಳಗೆ ಹೋದಳು.

ಹಿಂದಿನ ಮೆತ್ತೆಯ ಮುಂದಿನ ಅಂಚನ್ನು ಹಿಡಿದು ಮೇಲಕ್ಕೆ ಜಗ್ಗಿದರೆ ಬಿಟ್ಟುಕೊಳ್ಳುತ್ತದೆ. ಹತ್ತು ಸೆಕೆಂಡಿನ ಕೆಲಸ. ಕೆಳಗೆ ಕಪ್ಲರಿನ ಎರಡು ಅರ್ಧಗಳೂ ಬೇರೆಬೇರೆಯಾಗಿ ಬಿದ್ದಿದ್ದವು. ಸೆನ್ಸರಿನ ಕಡೆಯ ತುದಿಗೆ ಮೀಟರು ಹಿಡಿದೆ: ಸಾವಿರದ ಇನ್ನೂರು ಓಮ್, ಸ್ಥಿರ. ಸೆನ್ಸರಿನಲ್ಲಿ ದೋಷವಿಲ್ಲ. ತಂತಿ ಎಲ್ಲೂ ಸವೆದಿಲ್ಲ. ಇಲಿ ಕಡಿದ ಗುರುತಿಲ್ಲ. ಕಪ್ಲರನ್ನು ಕೂಡಿಸಿ, ಎಳೆದು ನೋಡಿದೆ. ಬರಲಿಲ್ಲ. ಇನ್ನೂ ಬಲವಾಗಿ ಎಳೆದೆ. ಬರಲಿಲ್ಲ. ಅದಕ್ಕೆ ಚಿಕ್ಕದೊಂದು ಚಿಲಕವಿದೆ. ಉಗುರಿನಿಂದ ಅದನ್ನು ಒತ್ತಿ ಹಿಡಿದು ಎಳೆದರೆ ಮಾತ್ರ ಬಿಡುತ್ತದೆ. ಗುಂಡಿ ಬಿದ್ದ ರಸ್ತೆಗೆ ಉಗುರಿಲ್ಲ.

ಆದುದರಿಂದ ಇದು ಮನುಷ್ಯರ ಕೆಲಸ. ಕಾರಿಗೆ ಎರಡು ಕೀಲಿಗಳಿವೆ. ಒಂದು ನನ್ನ ಬಳಿ. ಇನ್ನೊಂದು, ಕಳೆದ ವರ್ಷ ಸರ್ವಿಸಿಗೆ ಬಿಟ್ಟಾಗಿನಿಂದ ಗ್ಯಾರೇಜಿನ ಗೋಡೆಯ ಮೊಳೆಯ ಮೇಲೆ.

ಯಾರ ಕೈಗೆ ನನ್ನ ಮನೆಯವರ ಪ್ರಾಣವನ್ನು ಒಪ್ಪಿಸಿದ್ದೆನೋ ಅವನೇ. ಬೇಲಿಯೇ ಎದ್ದು ಹೊಲ ಮೇಯ್ದಿದೆ.

ಜೂನ್ ೧೬, ಸೋಮವಾರ

ಗ್ಯಾರೇಜಿಗೆ ಹೋಗಿ, ಗಿರಾಕಿಗಳ ಮುಂದೆಯೇ, ಅವನು ಮಾಡಿರುವುದನ್ನು ಕ್ರಮವಾಗಿ ಮಂಡಿಸಿದೆ: ಚಿಲಕ, ಉಗುರು, ಕೀಲಿ. ಗಿರಾಕಿ ಮತ್ತೆ ಮತ್ತೆ ಬರಲೆಂದು ಬ್ರೇಕಿನ ತಂತಿ ಕಳಚುವವನು ಕಳ್ಳನಿಗಿಂತ ಕೀಳು ಎಂದೆ. ಕೊನೆಯ ಬೆಂಚಿನಲ್ಲಿ ಕುಳಿತದ್ದು ನಿನ್ನ ದುರದೃಷ್ಟವಲ್ಲ, ಅದೇ ನಿನ್ನ ಯೋಗ್ಯತೆಯಾಗಿತ್ತು ಎಂದೂ ಹೇಳಿದೆ. ಕೆಲಸಗಾರರು ಸ್ಪ್ಯಾನರು ಹಿಡಿದು ಹಾಗೆಯೇ ನಿಂತಿದ್ದರು.

ಅವನು ಮೊಳೆಯಿಂದ ಕೀಲಿ ತೆಗೆದು ಅಂಗೈ ಮೇಲಿಟ್ಟು ಚಾಚಿದ. “ಧೂಳು ನೋಡಿ ಸರ್. ಒಂದು ವರ್ಷದ್ದು” ಎಂದ. ಅಷ್ಟೇ. ತಪ್ಪಿತಸ್ಥನಿಗೆ ಉತ್ತರವಿರುವುದಿಲ್ಲ.

ಕೀಲಿಯನ್ನು ಒರೆಸಿ ಬೀರುವಿನಲ್ಲಿಟ್ಟು ಬೀಗ ಹಾಕಿದ್ದೇನೆ. ಊಟದ ವೇಳೆ ಇವಳಿಗೆ ಎಲ್ಲ ಹೇಳಿದೆ. ಏನೇನು ಅಂದಿರಿ ಎಂದು ಕೇಳಿದಳು. ಅಂದದ್ದನ್ನೆಲ್ಲ ಹೇಳಿದೆ. ತಟ್ಟೆಯನ್ನು ಪಕ್ಕಕ್ಕೆ ಸರಿಸಿ ಎದ್ದುಹೋದಳು.

ಜೂನ್ ೧೭, ಮಂಗಳವಾರ

ದೀಪವಿಲ್ಲ. ನನ್ನ ತರ್ಕ ಸರಿಯಾಗಿತ್ತೆಂಬುದಕ್ಕೆ ಬೇರೆ ಪುರಾವೆ ಬೇಕಿಲ್ಲ.

ಜೂನ್ ೧೯, ಗುರುವಾರ

ಅಕ್ಷರ ನೆಟ್ಟಗೆ ಬರುತ್ತಿಲ್ಲ.

ಬೆಳಿಗ್ಗೆ ದೀಪ ಹೊತ್ತಿಕೊಂಡಿತ್ತು. ಎರಡೂ ಕೀಲಿಗಳು ನನ್ನಲ್ಲಿದ್ದವು. ನೋಡುತ್ತ ಕುಳಿತೆ. ತಡವಾಗುತ್ತಿತ್ತು. ಹೊರಟೆ.

ಈಜುಕೊಳದ ರಸ್ತೆಯಲ್ಲಿ ನೀರಿನ ಕೊಳವೆ ಒಡೆದು ಡಾಂಬರು ಒದ್ದೆಯಾಗಿತ್ತು. ಎಡಗಡೆಯಿಂದ ಹೆಂಗಸೊಬ್ಬಳು ತಳ್ಳುಗಾಡಿಯೊಂದಿಗೆ ಬಂದಳು. ಬಂದದ್ದಲ್ಲ, ಇದ್ದಳು. ಇದ್ದಕ್ಕಿದ್ದಂತೆ ಅಲ್ಲಿ ಇದ್ದಳು. ಬ್ರೇಕು ತುಳಿದೆ. ಚಕ್ರಗಳು ಬಿಗಿದುಕೊಂಡವು. ಸ್ಟಿಯರಿಂಗ್ ತಿರುಗಿಸಿದರೂ ಕಾರು ತಿರುಗದೆ, ಸಾಬೂನಿನಂತೆ ಜಾರಿ ಈಜುಕೊಳದ ಕಾಂಪೌಂಡಿಗೆ ಬಡಿಯಿತು.

ಆ ಹೆಂಗಸಿಗೆ ಏನೂ ಆಗಿಲ್ಲ. ಮಗುವಿನ ತುಟಿ ಒಡೆದಿದೆ. ಎರಡು ಹೊಲಿಗೆ.

ಇವಳು ಮಗುವನ್ನು ಎತ್ತಿಕೊಂಡು ನಡೆದೇ ಹೋದಳು. ಒಂಬತ್ತು ವರ್ಷದ ಮಗುವನ್ನು, ಆ ಮೊಣಕಾಲಿನಲ್ಲಿ.

ಜೂನ್ ೨೦, ಶುಕ್ರವಾರ

ಎರಡೂ ಕೀಲಿಗಳು ಮನೆಯಲ್ಲಿದ್ದವು, ಒಂದು ಬೀರುವಿನಲ್ಲಿ, ಇನ್ನೊಂದು ರಾತ್ರಿಯಿಡೀ ಗೂಟಕ್ಕೆ ಹಾಕಿದ ನನ್ನ ಅಂಗಿಯ ಜೇಬಿನಲ್ಲಿ. ಆದುದರಿಂದ ಮನೆಯೊಳಗಿನವರು. ಮನೆಯೊಳಗೆ ಇಬ್ಬರೇ ಇದ್ದೇವೆ. ಇದನ್ನು ನಿನ್ನೆ ಬೆಳಿಗ್ಗೆ ಕಾರಿನಲ್ಲಿ ಕುಳಿತಾಗಲೇ ಲೆಕ್ಕಹಾಕಬಹುದಿತ್ತು. ನಾನು ಹಾಕಲಿಲ್ಲ.

ಅಡುಗೆಮನೆಗೆ ಹೋದೆ. ಕೇಳುವ ಮೊದಲೇ ಇವಳು ಒಲೆ ಆರಿಸಿ, ಕುರ್ಚಿ ಎಳೆದು ಕುಳಿತಳು.

“ಮಾಡಿದ್ದು ನಾನು. ನಾಲ್ಕು ಸಲ. ಆ ಗ್ಯಾರೇಜಿನವನಿಗೆ ನೀವು ಅಂದದ್ದೆಲ್ಲ ನನಗೆ ಅಂದ ಹಾಗೆ. ಅವನ ಹತ್ರ ಹೋಗಿ ಅದನ್ನ ವಾಪಸ್ ತಗೊಂಡು ಬನ್ನಿ.”

ಏಕೆ ಎಂದು ಕೇಳಿದೆ. 

ಮಾರ್ಚಿನಿಂದ ಹೇಳುತ್ತಿದ್ದಾಳಂತೆ. ಗೇಟಿಗೆ ಕನ್ನಡಿ ಬಡಿದ ದಿನ ಹೇಳಿದ್ದಳಂತೆ. ಗೇಟು ಕಿರಿದು ಎಂದೆನಂತೆ. ಏಪ್ರಿಲಿನಲ್ಲಿ ನಾಯಿಯೊಂದು ಅಡ್ಡಬಂದ ದಿನ ಹೇಳಿದ್ದಳಂತೆ. ನಾಯಿಗೆ ಶಿಸ್ತಿಲ್ಲ ಎಂದೆನಂತೆ. ಕಣ್ಣಿನ ವೈದ್ಯರಲ್ಲಿಗೆ ಎರಡು ಸಲ ಸಮಯ ಗೊತ್ತುಮಾಡಿದ್ದಳಂತೆ; ಕಣ್ಣು ನಿನಗಿಂತ ಚೆನ್ನಾಗಿದೆ, ದಾರ ಪೋಣಿಸಿ ತೋರಿಸಲೇ ಎಂದು ಪೋಣಿಸಿ ತೋರಿಸಿದೆನಂತೆ. ದಾರದ ಸಂಗತಿ ನನಗೆ ನೆನಪಿದೆ. ಉಳಿದವು ಇಲ್ಲ.

“ನಾನು ಹೇಳಿದ್ರೆ ನೀವು ಕೇಳಲ್ಲ. ಅಚ್ಚಾಗಿದ್ರೆ ಕೇಳ್ತೀರಿ. ದೀಪ ಹತ್ತಿದ್ರೆ ಪುಸ್ತಕ ನೋಡ್ತೀರಿ, ಪುಸ್ತಕ ಬೇಡ ಅನ್ನುತ್ತೆ, ಗಾಡಿ ನಿಲ್ಲಿಸ್ತೀರಿ ಅಂದ್ಕೊಂಡೆ. ನಲವತ್ಮೂರು ವರ್ಷ ನಿಮ್ಮನ್ನ ನೋಡಿದೀನಿ, ಅಷ್ಟು ಗೊತ್ತಿಲ್ವಾ ಅಂತ. ಆ ಪುಟಾನ ನಾನು ಮೊದಲೇ ಓದ್ಬೇಕಿತ್ತು.”

“ಮತ್ತೆ ಯಾಕೆ ಮುಂದುವರಿಸಿದೆ? ಅದು ಬ್ರೇಕು. ಒಳಗೆ ಮಗು ಇತ್ತು.”

“ಮೂರನೇ ಸಲಕ್ಕೆ ಬೇಜಾರಾಗಿ ಬಿಡ್ತೀರಿ, ನಾಲ್ಕನೇ ಸಲಕ್ಕೆ ಬಿಡ್ತೀರಿ ಅಂತ.” ಮೇಜಿನ ಮೇಲೆ ಬಿದ್ದಿದ್ದ ಎರಡು ಕಾಳುಗಳನ್ನು ಒಟ್ಟಿಗೆ ಸೇರಿಸಿದಳು. “ಮಗು ಇತ್ತು ಅಂತ ಗೊತ್ತು. ಅದಕ್ಕೇ ಪ್ರತಿ ಸಲಾನೂ ನಾನೂ ಹತ್ತಿ ಕೂತೆ.”

ಮಗಳಿಗೆ ಗೊತ್ತೇ ಎಂದು ಕೇಳಿದೆ. ಕಪ್ಲರಿನ ವಿಷಯ ಗೊತ್ತಿಲ್ಲವಂತೆ. ಅಪ್ಪನಿಗೆ ಎಡಗಡೆ ಕಾಣುತ್ತಿಲ್ಲವೆಂಬುದು ಏಪ್ರಿಲಿನಿಂದಲೇ ಗೊತ್ತಂತೆ. ಹಾಗಾದರೆ ಮಗುವನ್ನು ಏಕೆ ಕಳಿಸುತ್ತಿದ್ದಳು? ಅಮ್ಮ ಜೊತೆಗಿದ್ದಾಳಲ್ಲ ಎಂದಳಂತೆ. ಗ್ಯಾರೇಜಿನವನಿಗೂ ಮೊದಲ ದಿನವೇ ಗೊತ್ತಾಗಿತ್ತು. ಮಗುವಿಗೆ? ಮಗುವಿಗೆ “ತಾತ ಎಡಕ್ಕೆ ತಿರುಗೋವಾಗ ನೀನು ನೋಡ್ತಿರು, ಏನಾದ್ರೂ ಬಂದ್ರೆ ಕೂಗು” ಎಂದು ಇವಳೇ ಹೇಳಿಕೊಟ್ಟಿದ್ದಾಳೆ. ಕೂಗು ಎಂದು. ನನ್ನ ಕಾರಿನಲ್ಲಿ, ನನ್ನ ಬೆನ್ನ ಹಿಂದೆ, ಒಂಬತ್ತು ವರ್ಷದ ಮಗುವನ್ನು ಕಾವಲಿಗೆ ಕೂರಿಸಿ, ಎಲ್ಲರೂ ಸೇರಿ ನನಗೆ ಕಾರು ಓಡಿಸುತ್ತಿದ್ದೇನೆಂಬ ಭ್ರಮೆಯನ್ನು ಕೊಟ್ಟಿದ್ದರು.

ನೇರವಾಗಿ ಬಂದು ಕೀಲಿಯನ್ನು ಕಿತ್ತುಕೊಂಡಿದ್ದರೆ ಸಿಟ್ಟು ಬರುತ್ತಿತ್ತು. ಸಿಟ್ಟು ಒಂದು ವಾರದಲ್ಲಿ ಇಳಿಯುತ್ತಿತ್ತು.

ಜೂನ್ ೨೧, ಶನಿವಾರ

ಮಗು ಬರಲಿಲ್ಲ. ಇವಳು ಬಡಿಸಿದಳು, ಉಂಡೆ. ಮಾತಿಲ್ಲ.

ಜೂನ್ ೨೩, ಸೋಮವಾರ

ಗ್ಯಾರೇಜಿಗೆ ನಡೆದು ಹೋದೆ. ಕಾರು ಗೋಡೆಗೆ ಬಡಿದ ದಿನದಿಂದ ಅಲ್ಲೇ ನಿಂತಿದೆ. ಎಲ್ಲರ ಮುಂದೆ ಆಡಿದ ಮಾತನ್ನು ಎಲ್ಲರ ಮುಂದೆಯೇ ಹಿಂತೆಗೆದುಕೊಳ್ಳಬೇಕು. ಆದುದರಿಂದ ಕೆಲಸಗಾರರೆಲ್ಲ ಚಹಾಕ್ಕೆ ಸೇರುವ ಹೊತ್ತನ್ನೇ ಆರಿಸಿಕೊಂಡಿದ್ದೆ. ನಿಂತು ಹೇಳಿದೆ: ನನ್ನ ಆರೋಪ ತಪ್ಪು, ಕೊನೆಯ ಬೆಂಚಿನ ಬಗ್ಗೆ ಆಡಿದ ಮಾತು ಅದಕ್ಕಿಂತ ದೊಡ್ಡ ತಪ್ಪು. ಅವನು ಕುರ್ಚಿ ತರಿಸಿದ. ಕುಳಿತುಕೊಳ್ಳಲಿಲ್ಲ. ಇನ್ನೂ ಒಂದು ವಿಚಾರ ಬಾಕಿಯಿತ್ತು.

ಗೊತ್ತಿದ್ದೂ ಲೂಸಾಗಿದೆಯೆಂದು ಸುಳ್ಳು ಹೇಳಿದ್ದು ಏಕೆ ಎಂದು ಕೇಳಿದೆ.

“ಲ್ಯಾಬ್ ಅಮ್ಮ ಕೈ ಮುಗಿದು ಕೇಳ್ಕೊಂಡ್ರು ಸರ್. ಬ್ರೇಕ್ ವಿಷ್ಯದಲ್ಲಿ ಆಟ ಬೇಡಮ್ಮ ಅಂತ ನಾನೂ ಎರಡು ಸಲ ಫೋನ್ ಮಾಡಿ ಹೇಳ್ದೆ.”

“ನನಗೆ ಹೇಳಬಹುದಿತ್ತು.”

“ನಿಮಗೆ ತಪ್ಪಾಗಿದೆ ಅಂತ ಹೇಳೋ ಗಂಡಸು ನಮ್ಮ ಬ್ಯಾಚಲ್ಲಿ ಯಾವನಿದ್ದ ಸರ್? ಮೊದಲನೇ ಬೆಂಚಲ್ಲೇ ಇರಲಿಲ್ಲ, ಇನ್ನು ನಾನು.”

ಒಬ್ಬ ಕೆಲಸಗಾರ ಚಹಾದ ಲೋಟದೊಳಗೆ ನಕ್ಕ.

ಆಮೇಲೆ ಕಡೇ ಬೆಂಚು ನನ್ನನ್ನು ಕಾರಿನ ಬಳಿಗೆ ಕರೆದುಕೊಂಡು ಹೋಗಿ, ಜೇಬಿನಿಂದ ಸೀಮೆಸುಣ್ಣ ತೆಗೆದು ಪೆಟ್ಟು ಬಿದ್ದಲ್ಲೆಲ್ಲ ಗುಂಡಗೆ ಗುರುತು ಹಾಕುತ್ತ ಬಂದ. ಕನ್ನಡಿ. ಮುಂದಿನ ಬಾಗಿಲು. ಹಿಂದಿನ ಬಾಗಿಲು. ಹೂಕುಂಡದ ಗೀರು. ಗೋಡೆ. ಎರಡನ್ನು ನಾನು ನೋಡಿಯೇ ಇರಲಿಲ್ಲ. ಒಟ್ಟು ಏಳಾದವು. ಆಮೇಲೆ ಕಾರಿನ ಸುತ್ತ ಬಂದು ಇನ್ನೊಂದು ಬದಿಗೆ ನಿಂತು ಸೀಮೆಸುಣ್ಣವನ್ನು ಜೇಬಿಗೆ ಹಾಕಿದ.

“ಈ ಕಡೆ ನೋಡಿ ಸರ್. ಶೋರೂಮಿಂದ ನಿನ್ನೆ ತಂದ ಹಾಗಿದೆ.”

ಅವನ ವೀಕ್ಷಣೆ ಸರಿಯಾಗಿದೆ. ಗೇಟು, ಕುಂಡ, ಗೋಡೆ ಮೂರೂ ಎಡಗಡೆಯೇ ಇದ್ದವೆಂಬುದನ್ನು ಬಿಟ್ಟರೆ ನನ್ನ ಬಳಿ ಬೇರೆ ವಿವರಣೆಯಿಲ್ಲ. ಎಡ ಹಿಂಬಾಗಿಲಿನ ಪೆಟ್ಟು ಯಾವಾಗಿನದೆಂದು ಎಷ್ಟು ಯೋಚಿಸಿದರೂ ಹೊಳೆಯಲಿಲ್ಲ.

ಜೂನ್ ೨೫, ಬುಧವಾರ

ಕಣ್ಣಿನ ಆಸ್ಪತ್ರೆಗೆ ಹೋಗಿದ್ದೆ. ಇವರೆಲ್ಲರ ಬಾಯಿ ಮುಚ್ಚಿಸುವ ಪ್ರಮಾಣಪತ್ರವೊಂದನ್ನು ತರುವುದು ಉದ್ದೇಶವಾಗಿತ್ತು. ಇವಳೂ ಬಂದಳು. ಬೇಡವೆನ್ನಬೇಕಾದರೆ ಮಾತಾಡಬೇಕಿತ್ತು; ಸುಮ್ಮನಿದ್ದೆ.

ಫಲಕದ ಮೇಲಿನ ಅಕ್ಷರಗಳನ್ನು ಕೊನೆಯ ಸಾಲಿನವರೆಗೂ ಓದಿದೆ. ಆಮೇಲೆ ದೊಡ್ಡ ಬೋಗುಣಿಯಂಥ ಯಂತ್ರದೊಳಗೆ ಗದ್ದ ಇಡಲು ಹೇಳಿದರು. ಒಂದು ಕಣ್ಣು ಮುಚ್ಚಿ, ನಟ್ಟನಡುವಿನ ಚುಕ್ಕಿಯನ್ನೇ ದಿಟ್ಟಿಸುತ್ತಿರಬೇಕು. ಸುತ್ತ ಎಲ್ಲಾದರೂ ಸಣ್ಣ ದೀಪ ಮಿನುಗಿದರೆ ಕೈಯಲ್ಲಿರುವ ಗುಂಡಿ ಒತ್ತಬೇಕು. ಬಲಗಣ್ಣಿನ ಸರದಿ ಮೊದಲು ಬಂತು. ಬಲಗಡೆ ದೀಪಗಳು ಚೆನ್ನಾಗಿ ಮಿನುಗಿದವು. ಎಡಗಡೆ ಒಂದೂ ಇಲ್ಲ. ಎಡಗಣ್ಣಿಗೂ ಹಾಗೆಯೇ, ಬಲಗಡೆ ಎಲ್ಲ, ಎಡಗಡೆ ಏನೂ ಇಲ್ಲ.

ಪರೀಕ್ಷೆ ನಡೆಸುತ್ತಿದ್ದ ಹುಡುಗಿಗೆ, ನಿಮ್ಮ ಯಂತ್ರದ ಎಡ ಅರ್ಧಕ್ಕೆ ವಿದ್ಯುತ್ ಹೋಗುತ್ತಿಲ್ಲ, ತಂತಿ ಪರೀಕ್ಷಿಸಿ ಎಂದು ತಿಳಿಸಿದೆ. ನನ್ನ ವಾದ ಹೀಗಿತ್ತು: ಕಣ್ಣುಗಳು ಎರಡು, ಬೇರೆಬೇರೆ. ಎರಡೂ ಒಂದೇ ಬದಿಯಲ್ಲಿ, ಒಂದೇ ಅಳತೆಗೆ ಕೆಡುವುದು ಸಾಧ್ಯವಿಲ್ಲ. ಆದುದರಿಂದ ದೋಷ ಎರಡಕ್ಕೂ ಸಮಾನವಾದ ಬೇರೊಂದರಲ್ಲಿದೆ, ಅದು ಯಂತ್ರ.

ಆ ಹುಡುಗಿ ಇವಳನ್ನು ಕೂರಿಸಿದಳು. ನಾನು ಪಕ್ಕದಲ್ಲಿ ನಿಂತು ಕೇಳಿಸಿಕೊಂಡೆ. ಗುಂಡಿ ಒತ್ತಿದ ಸದ್ದು ನಿಲ್ಲಲೇ ಇಲ್ಲ. ಕಾಗದ ಹೊರಬಂತು, ಎಡವೂ ಬಲವೂ ಬೆಳ್ಳಗಿತ್ತು. ನನ್ನದರಲ್ಲಿ ಎಡ ಅರ್ಧ ಪೂರ್ತಿ ಮಸಿ. ಎರಡು ಕಣ್ಣಿನದೂ.

ಯಂತ್ರ ಸರಿಯಾಗಿದೆ. ಎರಡು ಕಣ್ಣಿಗೂ ಸಮಾನವಾದದ್ದು ಇನ್ನೊಂದಿದೆ.

ವೈದ್ಯರು ನನ್ನ ವಾದದಲ್ಲಿ ತಪ್ಪಿಲ್ಲವೆಂದರು. ಕಣ್ಣು ಚೆನ್ನಾಗಿಯೇ ಇದೆ. ಅದು ಕಳಿಸಿದ್ದನ್ನು ಓದಿಕೊಳ್ಳುವ ಕಡೆ, ತಲೆಯ ಹಿಂಭಾಗದಲ್ಲಿ, ಸಣ್ಣದೊಂದು ರಕ್ತನಾಳ ಕಟ್ಟಿಕೊಂಡಿರಬೇಕು ಎಂದರು. ಫೆಬ್ರವರಿಯಲ್ಲಿ ಎರಡು ದಿನ ತಲೆನೋವೆಂದು ಮಲಗಿದ್ದುದನ್ನು ಇವಳು ಹೇಳಿದಳು. ನಾಳೆ ಸ್ಕ್ಯಾನ್. ಕಾರಿನ ಮಾತು ಎತ್ತುವ ಮೊದಲೇ ಅವರು ಕೂಡದೆಂದು ತಲೆಯಾಡಿಸಿದರು. ನನಗೆ ತಿಳಿಯದೇ ಹೋದದ್ದು ಹೇಗೆ ಎಂದು ಕೇಳಿದೆ. ಅಲ್ಲಿ ಕತ್ತಲೆ ಕಾಣಿಸುವುದಿಲ್ಲವಂತೆ. ಏನೂ ಕಾಣಿಸುವುದಿಲ್ಲ, ಕಾಣಿಸುತ್ತಿಲ್ಲವೆಂಬುದೂ ಕಾಣಿಸುವುದಿಲ್ಲ. ಇದ್ದಷ್ಟನ್ನೇ ಪೂರ್ತಿ ಎಂದು ತಲೆ ವರದಿ ಕೊಡುತ್ತದೆ.

ಅದಕ್ಕೆ ಎಚ್ಚರಿಸುವ ದೀಪವೊಂದೂ ಇಲ್ಲವೇ ಎಂದೆ. ವೈದ್ಯರು ನಕ್ಕರು. ನಾನು ತಮಾಷೆ ಮಾಡಿರಲಿಲ್ಲ.

ನನಗೆ ಸುಳ್ಳು ಹೇಳಿದವರ ಪಟ್ಟಿಗೆ ಇನ್ನೊಬ್ಬನನ್ನು, ನನ್ನ ತಲೆಯನ್ನೇ, ಸೇರಿಸಬೇಕಾಗಿದೆ. ಉಳಿದವರಾದರೂ ಕೇಳಿದಾಗ ಒಪ್ಪಿಕೊಂಡರು.

ಜೂನ್ ೨೮, ಶನಿವಾರ

ಕಾರು ರಿಪೇರಿಯಾಗಿ ಬಂದಿದೆ, ಮಗಳು ಓಡಿಸುತ್ತಾಳೆ. ಸ್ಕ್ಯಾನ್ ವೈದ್ಯರ ಮಾತನ್ನೇ ದೃಢಪಡಿಸಿತು; ಮಾತ್ರೆಗಳು ಶುರುವಾಗಿವೆ. ಹೋದದ್ದು ಮರಳುವ ಭರವಸೆ ಕೊಡಲಾಗದು, ಆದರೆ ತಲೆಯನ್ನು ಆಗಾಗ ಎಡಕ್ಕೆ ತಿರುಗಿಸಿ ನೋಡುವ ಅಭ್ಯಾಸ ಮಾಡಿಕೊಳ್ಳಬೇಕೆಂದಿದ್ದಾರೆ.

ಮಗುವಿನ ಹೊಲಿಗೆ ಬಿಚ್ಚಿದ್ದಾರೆ. ಇನ್ನೊಂದು ವಾರ ನೀರಿಗೆ ಇಳಿಯುವಂತಿಲ್ಲ. ಆದರೂ ದಡದಲ್ಲಿ ಕುಳಿತು ನೋಡುತ್ತೇನೆಂದು ಹಟ ಹಿಡಿದಳು. ಹಟದಲ್ಲಿ ಅವಳು ಯಾರ ಹಾಗೆ ಎಂದು ಮಗಳು ಹೇಳಿದ್ದನ್ನು ಇಲ್ಲಿ ಬರೆಯುವುದಿಲ್ಲ. ಮಗಳು ಪಾಳಿಗೆ ಹೋದಳು. ನಾವು ಮೂವರೂ ನಡೆದು ಹೊರಟೆವು. ನಲವತ್ತು ನಿಮಿಷದ ದಾರಿ. ಐದೂವರೆಗೇ ಎದ್ದಿದ್ದೆ.

ಮಗು ನನ್ನ ಬಲಗೈ ಹಿಡಿದುಕೊಂಡಿತು. ಇವಳು ಹೇಳದೆ ಕೇಳದೆ ನನ್ನ ಎಡಕ್ಕೆ ಬಂದಳು. ಅಂದರೆ, ಬಂದಿರಬೇಕು. ಚಪ್ಪಲಿಯ ಸದ್ದು ಸ್ವಲ್ಪ ದೂರ ಕೇಳಿಸಿತು. ದೊಡ್ಡ ರಸ್ತೆ ಸೇರಿದ ಮೇಲೆ ವಾಹನಗಳ ಗದ್ದಲದಲ್ಲಿ ಅದೂ ಹೋಯಿತು. ಹಠಾತ್ತನೆ ನನ್ನ ಆ ಪಕ್ಕದಲ್ಲಿ ಯಾರೂ ಇರಲಿಲ್ಲ. ರಸ್ತೆಯೂ ಇರಲಿಲ್ಲ.

ಎಂಟು ದಿನದ ಮೇಲೆ ಮೊದಲ ಮಾತು ನನ್ನಿಂದ ಹೊರಟಿತು.

“ಇದ್ದೀಯಾ?”

“ಇದ್ದೀನಿ.”

ಇಪ್ಪತ್ತು ಹೆಜ್ಜೆಯ ಮೇಲೆ ಮತ್ತೆ ಕೇಳಿದೆನಂತೆ. ಮಗು ನಗತೊಡಗಿತು. ಮೂರನೆಯ ಸಲ ಕೇಳಿದಾಗ ಇವಳು, “ಎಲ್ಲಿಗೆ ಹೋಗ್ಲಿ, ಇಲ್ಲೇ ಇದ್ದೀನಿ, ನಡೀರಿ” ಎಂದಳು. ಧ್ವನಿಯಲ್ಲಿ ಸಿಡುಕಿತ್ತು. ಸಿಡುಕು ಸುಳ್ಳಾಗಿರಲಿಲ್ಲ.

ಅಂಚೆ ಕಚೇರಿಯ ವೃತ್ತದಲ್ಲಿ ರಸ್ತೆ ದಾಟಬೇಕಿತ್ತು. ಅಲ್ಲಿ ಏಕಮುಖ ಸಂಚಾರ, ವಾಹನಗಳು ಎಡದಿಂದಲೇ ಬರುತ್ತಿರುತ್ತವೆ. ಅಂಚಿನಲ್ಲಿ ನಿಂತೆವು. ನನ್ನ ಎದುರಿಗಿದ್ದದ್ದು ಖಾಲಿ ಡಾಂಬರು, ಆಚೆ ದಡ, ಬೆಳಗಿನ ಬಿಸಿಲು. ದಾಟಲು ಯಾವ ಅಡ್ಡಿಯೂ ಇರಲಿಲ್ಲ. ದಾಟಲಿಲ್ಲ. ಗಾಳಿಯನ್ನು ಸೀಳಿಕೊಂಡು ಏನೋ ದೊಡ್ಡದು ಹಾದುಹೋಯಿತು. ಹಾದ ಮೇಲೆ ಅದು ಬಸ್ಸೆಂದು ತಿಳಿಯಿತು.

ಆಗ ಇವಳು “ಬನ್ನಿ” ಎಂದಳು.

ತಲೆ ತಿರುಗಿಸಿ ನೋಡಿಕೊಳ್ಳಬೇಕೆಂಬುದು ವೈದ್ಯರ ಸ್ಪಷ್ಟ ಸೂಚನೆ. ತಿರುಗಿಸಲಿಲ್ಲ. ಮಗುವಿನ ಕೈ ಹಿಡಿದು ರಸ್ತೆಗೆ ಇಳಿದೆ.

ಇದರಿಂದ ನಾನು ಕ್ಷಮಿಸಿದ್ದೇನೆಂದು ಯಾರೂ ತಿಳಿಯತಕ್ಕದ್ದಲ್ಲ.